ನಿಮಗೆ ಹೊಂದುವ ಸ್ಕೀ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೀ ಕೊಳ್ಳಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗಿಲ್ಲ. ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲಿನಲ್ಲಿ ನಿಂತಾಗ, ಪತ್ರಗಳಲ್ಲಿ, ಬೂಟು ಬಿಚ್ಚುತ್ತ ಕುಳಿತ ಸಂಜೆಗಳಲ್ಲಿ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇದು ಇಳಿಜಾರಿನಲ್ಲಿ ಜಾರುವ ಆಲ್ಪೈನ್ ಸ್ಕೀಗೆ ಸಂಬಂಧಿಸಿದ್ದು. ಹಿಮ್ಮಡಿ ಎತ್ತಿ ಹೆಜ್ಜೆ ಹಾಕುವ ಕ್ರಾಸ್ ಕಂಟ್ರಿ ಸ್ಕೀಯ ಲೆಕ್ಕವೇ ಬೇರೆ.

## ಶುರುವಿಗೆ

ಈಗಷ್ಟೇ ಕಲಿಯುತ್ತಿದ್ದೇನೆ. ಒಂದು ಜೋಡಿ ಕೊಂಡುಬಿಡಲೇ?

ಬೇಡ, ಬಾಡಿಗೆಗೆ ತೆಗೆದುಕೊಳ್ಳಿ. ಮೊದಲ ಹತ್ತು ಹದಿನೈದು ದಿನಗಳಲ್ಲಿ ನಿಮ್ಮ ಕಾಲು ಕಲಿಯುವ ವೇಗಕ್ಕೆ ಯಾವ ಸ್ಕೀಯೂ ಜೊತೆ ಕೊಡಲಾರದು. ಮೂರನೆಯ ದಿನ ನಿಮ್ಮನ್ನು ಕಾಪಾಡಿದ ಮೆತ್ತನೆಯ ಗಿಡ್ಡ ಸ್ಕೀ ಹದಿನೈದನೆಯ ದಿನ ಸ್ವಲ್ಪ ವೇಗ ಸಿಕ್ಕೊಡನೆ ಪಟಪಟ ನಡುಗತೊಡಗುತ್ತದೆ. ಬಾಡಿಗೆಯಲ್ಲಾದರೆ ಮರುದಿನವೇ ಬದಲಾಯಿಸಬಹುದು. ಕೊಂಡದ್ದಾದರೆ ಮನೆಯ ಮೂಲೆಯಲ್ಲಿ ನಿಲ್ಲಿಸಿಕೊಳ್ಳಬೇಕು.

ಮೊದಲು ಸ್ಕೀಯೋ, ಬೂಟೋ?

ಬೂಟು. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ. ನಿಮ್ಮ ಮೊಣಕಾಲು ಹೇಳಿದ್ದನ್ನು ಸ್ಕೀಗೆ ಮುಟ್ಟಿಸುವುದು ಬೂಟು. ಪಾದ ಒಳಗೆ ಆಡುತ್ತಿದ್ದರೆ ಎಂಥ ದುಬಾರಿ ಸ್ಕೀಗೂ ನಿಮ್ಮ ಮಾತು ಕೇಳಿಸುವುದಿಲ್ಲ.

ಅಳತೆ ನೋಡುವ ಬಗೆ ಹೀಗೆ. ಬೂಟಿನ ಒಳಚೀಲವನ್ನು ಹೊರಗೆ ಎಳೆದು ಬರಿಯ ಪ್ಲಾಸ್ಟಿಕ್ ಚಿಪ್ಪಿನೊಳಗೆ ಪಾದ ಇಡಿ. ಬೆರಳ ತುದಿ ಮುಂದೆ ತಾಗುವಷ್ಟು ಸರಿಯಿರಿ. ಈಗ ಹಿಮ್ಮಡಿಯ ಹಿಂದೆ ಉಳಿಯುವ ಜಾಗ ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು, ಅಂದರೆ ಒಂದು ಬೆರಳು, ಹೆಚ್ಚೆಂದರೆ ಒಂದೂವರೆ. ಮೂರು ಬೆರಳು ಸಲೀಸಾಗಿ ಇಳಿದರೆ ಆ ಬೂಟು ನಿಮ್ಮದಲ್ಲ. ಒಳಚೀಲ ಹಾಕಿ ಬಕಲ್ ಬಿಗಿದು ನೆಟ್ಟಗೆ ನಿಂತಾಗ ಬೆರಳು ತುಸು ಒತ್ತಬೇಕು. ಮೊಣಕಾಲು ಮುಂದೆ ಬಾಗಿಸಿದೊಡನೆ ಆ ಒತ್ತು ಸಡಿಲವಾಗಬೇಕು. ಬೂಟಿನ ಸಂಖ್ಯೆ, ಉದಾಹರಣೆಗೆ 26.5, ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುವುದು. ಅಗಲ ಬೇರೆ: ಕಿರಿದಾದ ಪಾದಕ್ಕೆ 98 ಮಿ.ಮೀ. ಆಸುಪಾಸು, ಅಗಲದ ಪಾದಕ್ಕೆ 102ರಿಂದ 104. ಫ್ಲೆಕ್ಸ್ ಎಂಬ ಇನ್ನೊಂದು ಅಂಕಿ, 60ರಿಂದ 130ರವರೆಗೆ, ಬೂಟಿನ ಬಿಗುವನ್ನು ಸೂಚಿಸುತ್ತದೆ. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆಗೋಲಿಲ್ಲ. ಒಬ್ಬರ 100 ಇನ್ನೊಬ್ಬರ 110ಕ್ಕಿಂತ ಗಟ್ಟಿಯಿರಬಹುದು.

"ನಿಮ್ಮ ಮಟ್ಟ ಯಾವುದು" ಎಂದು ಅಂಗಡಿಯವರು ಕೇಳುತ್ತಾರೆ. ಏನೆಂದು ಹೇಳಲಿ?

"ಮಧ್ಯಮ" ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. ಅದರ ಬದಲು ನಿಮ್ಮ ಹಿಂದೆ ಹಿಮದಲ್ಲಿ ಉಳಿಯುವ ಗುರುತನ್ನು ವರ್ಣಿಸಿ. ತಿರುವಿನ ಉದ್ದಕ್ಕೂ ಚಾಕುವಿನಿಂದ ಗೀರಿದಂತೆ ಎರಡು ತೆಳು ಗೆರೆಗಳಿದ್ದರೆ ನೀವು ಅಂಚಿನ ಮೇಲೆ ಸಾಗುತ್ತಿದ್ದೀರಿ. ಪೊರಕೆಯಿಂದ ಗುಡಿಸಿದಂತೆ ಅಗಲವಾದ ಪಟ್ಟೆಯಿದ್ದರೆ ಇನ್ನೂ ಜಾರಿಸಿ ತಿರುಗುತ್ತಿದ್ದೀರಿ. ಇಳಿಜಾರು ಕಡಿದಾದಾಗ ಸ್ಕೀಗಳು ಸಮಾನಾಂತರವಾಗಿ ಉಳಿಯುತ್ತವೆಯೇ, ಇಲ್ಲವೇ ಹೆದರಿ ಮೂತಿಗಳು ಹತ್ತಿರ ಬಂದು ಮತ್ತೆ ತ್ರಿಕೋನವಾಗುತ್ತವೆಯೇ ಎಂಬುದನ್ನೂ ಹೇಳಿ. ಇಷ್ಟು ಕೇಳಿದ ಮೇಲೆ ಕೆಲಸ ಬಲ್ಲವರಿಗೆ ಹೆಚ್ಚಿನ ಪ್ರಶ್ನೆ ಬೇಕಾಗುವುದಿಲ್ಲ.

## ಅಳತೆಗಳು

ನನ್ನ ಎತ್ತರ 170 ಸೆಂ.ಮೀ. ಎಷ್ಟು ಉದ್ದದ ಸ್ಕೀ ಬೇಕು?

ಗಲ್ಲದಿಂದ ಹಣೆಯವರೆಗೆ ಎಂಬ ಹಳೆಯ ಲೆಕ್ಕ ಇವತ್ತಿಗೂ ನಡೆಯುತ್ತದೆ. ನಿಮ್ಮ ಎತ್ತರಕ್ಕೆ ಅದು ಸುಮಾರು 150ರಿಂದ 165 ಆಯಿತು. ಆದರೆ ಎತ್ತರ ಹೇಳಿದವರು ತೂಕ ಹೇಳುವುದನ್ನು ಯಾವಾಗಲೂ ಮರೆಯುತ್ತಾರೆ. ನಿಮ್ಮ ತಲೆ ಎಷ್ಟು ಮೇಲಿದೆ ಎಂಬುದು ಸ್ಕೀಗೆ ಗೊತ್ತಾಗುವುದಿಲ್ಲ. ತನ್ನ ಮೇಲೆ ಎಷ್ಟು ಭಾರ ಬಿತ್ತು ಎಂಬುದು ಮಾತ್ರ ಗೊತ್ತಾಗುತ್ತದೆ. ಇದೇ ಎತ್ತರದ 55 ಕಿಲೋ ವ್ಯಕ್ತಿಗೆ ಮತ್ತು 90 ಕಿಲೋ ವ್ಯಕ್ತಿಗೆ ಒಂದೇ ಉದ್ದ ಕೊಡುವುದು ತಪ್ಪು.

ಕಲಿಯುವವರು, ಹಗುರ ಇರುವವರು, ಚಿಕ್ಕ ತಿರುವುಗಳನ್ನು ಇಷ್ಟಪಡುವವರು ಗಲ್ಲದ ಕಡೆಗೆ ಇಳಿಯಲಿ. ಭಾರ ಇರುವವರು, ವೇಗವಾಗಿ ಹೋಗುವವರು, ಆಳದ ಹಿಮಕ್ಕೆ ಹೋಗುವವರು ಹಣೆಯ ಕಡೆಗೆ, ಬೇಕಾದರೆ ಅದಕ್ಕೂ ಮೇಲೆ ಹೋಗಲಿ. ಮೂತಿ ಮೇಲಕ್ಕೆ ಎದ್ದ ರಾಕರ್ ಸ್ಕೀಯಾದರೆ ಗಟ್ಟಿ ಹಿಮದಲ್ಲಿ ಅದರ ಪೂರ್ತಿ ಉದ್ದ ನೆಲ ಮುಟ್ಟುವುದಿಲ್ಲ. ಆದ್ದರಿಂದ ಐದಾರು ಸೆಂಟಿಮೀಟರ್ ಹೆಚ್ಚು ತೆಗೆದುಕೊಂಡರೂ ಅದು ಉದ್ದ ಅನ್ನಿಸದು.

ಎರಡು ಮೀಟರ್ ಸ್ಕೀಯನ್ನು ಹೆಗಲ ಮೇಲೆ ಹೊತ್ತು ನಡೆದ ತಲೆಮಾರಿನವರು ಗಿಡ್ಡ ಸ್ಕೀ ಕಂಡು ನಗುವುದುಂಟು. ಹತ್ತಿರ ಹತ್ತಿರ ನೆಟ್ಟ ಕೋಲುಗಳ ನಡುವೆ ತಿರುತಿರುಗಿ ಇಳಿಯುವ ಸ್ಪರ್ಧೆಯಾದ ವಿಶ್ವಕಪ್ ಸ್ಲಾಲಂನಲ್ಲಿ ಗಂಡಸರಿಗೆ ಇರುವ ಕನಿಷ್ಠ ಉದ್ದ 165, ಹೆಂಗಸರಿಗೆ 155. ಜಗತ್ತಿನ ಅತಿ ಚುರುಕಿನ ಕಾಲುಗಳು ಆ ಕನಿಷ್ಠದ ಮೇಲೆಯೇ ಓಡುತ್ತಿವೆ.

ಸ್ಕೀ ಮೇಲೆ 127-84-112 ಎಂದು ಬರೆದಿದೆ. ಹಾಗೆಂದರೇನು?

ಮೂತಿ, ನಡು, ಬಾಲ ಈ ಮೂರರ ಅಗಲ, ಮಿಲಿಮೀಟರಿನಲ್ಲಿ. ಪಕ್ಕದಲ್ಲಿ ಆರ್ ಅಕ್ಷರದ ಜೊತೆ ಇರುವ ಅಂಕಿ ತಿರುವಿನ ತ್ರಿಜ್ಯ, ಮೀಟರಿನಲ್ಲಿ. ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ನಡುವಿನ ಅಂಕಿಯನ್ನು.

ನಡು ಎಷ್ಟು ಅಗಲ ಇರಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಡೀ ಆಯ್ಕೆಯಲ್ಲಿ ಇದೇ ದೊಡ್ಡ ತೀರ್ಮಾನ, ಜನ ಹೆಚ್ಚು ಎಡವುವುದೂ ಇಲ್ಲಿಯೇ. ಮೊದಲು ಕಾರಣ ತಿಳಿದುಕೊಳ್ಳಿ.

ಸ್ಕೀ ತಿರುಗುವುದು ಅದನ್ನು ಅಂಚಿನ ಮೇಲೆ ವಾಲಿಸಿದಾಗ. ನಡು ಕಿರಿದಾಗಿದ್ದರೆ ಅಂಚು ಹೆಚ್ಚುಕಡಿಮೆ ನಿಮ್ಮ ಕಾಲಿನ ಕೆಳಗೇ ಇರುತ್ತದೆ, ಸ್ವಲ್ಪ ವಾಲಿಸಿದರೂ ಹಿಡಿಯುತ್ತದೆ. ನಡು ಅಗಲವಾದಂತೆ ಅಂಚು ಕಾಲಿನಿಂದ ಹೊರಗೆ ಸರಿಯುತ್ತದೆ. ಆಗ ಗಟ್ಟಿ ಹಿಮದ ಮೇಲೆ ಸ್ಕೀ ವಾಲಲು ಒಪ್ಪದೆ ಮತ್ತೆ ಚಪ್ಪಟೆಯಾಗಲು ಹಟ ಮಾಡುತ್ತದೆ. ಆ ಹಟವನ್ನು ದಿನವಿಡೀ ತಡೆದು ಹಿಡಿಯಬೇಕಾದವು ನಿಮ್ಮ ಕಣಕಾಲು ಮತ್ತು ಮಂಡಿ. ಆಳವಾದ ಹುಡಿಹಿಮದಲ್ಲಿ ಇದು ತಿರುವುಮುರುವು. ಅಲ್ಲಿ ಅಂಚಿಗೆ ಕಚ್ಚಲು ಏನೂ ಸಿಗದು, ಸ್ಕೀ ತೇಲಬೇಕು. ತೇಲಲು ಅಗಲ ಬೇಕು.

ಯಂತ್ರದಿಂದ ಹದ ಮಾಡಿದ ಹಾದಿಯಲ್ಲೇ ದಿನ ಕಳೆಯುವವರಿಗೆ 68ರಿಂದ 82 ಸಾಕು. ಬಹುತೇಕ ಹಾದಿ, ಆಗಾಗ ಪಕ್ಕದ ಮೆತ್ತನೆಯ ಹಿಮ ಎನ್ನುವವರಿಗೆ 82ರಿಂದ 92. ಅರ್ಧ ಹಾದಿ, ಅರ್ಧ ಹೊರಗೆ ಎಂದರೆ 92ರಿಂದ 102. ಹಿಮ ಬಿದ್ದ ದಿನಗಳನ್ನೇ ಕಾಯ್ದು ಹೋಗುವವರಿಗೆ 105ರ ಮೇಲೆ. ಮೂಲ ಸಮಸ್ಯೆ ಏನೆಂದರೆ ಸ್ಕೀ ಕೊಳ್ಳುವಾಗ ಎಲ್ಲರ ಕಣ್ಣ ಮುಂದೆ ಬರುವುದು ಮೊಣಕಾಲುದ್ದ ಹಿಮದಲ್ಲಿ ಹೊಗೆಯಂತೆ ಹುಡಿ ಎಬ್ಬಿಸಿಕೊಂಡು ಇಳಿಯುವ ಆ ಒಂದು ಬೆಳಗು. ಇಪ್ಪತ್ತು ದಿನಗಳಲ್ಲಿ ಉಳಿದ ಹತ್ತೊಂಬತ್ತು ದಿನ ಅವರು ಮಧ್ಯಾಹ್ನದ ಹೊತ್ತಿಗೆ ಉಜ್ಜಿ ಉಜ್ಜಿ ಗಾಜಾದ ಹಾದಿಯಲ್ಲೇ ಇರುತ್ತಾರೆ.

ನಾನೂ ಅದೇ ಜಾತಿ. ನನ್ನ ಮೊದಲ ಸ್ವಂತ ಸ್ಕೀಯ ನಡು 106. ಆ ಋತುವಿನಲ್ಲಿ ಹುಡಿಹಿಮ ಕಂಡದ್ದು ಎರಡೇ ದಿನ. ಮಿಕ್ಕ ದಿನಗಳಲ್ಲಿ ಪ್ರತಿ ತಿರುವಿಗೂ ಒಂದು ಕ್ಷಣ ತಡವಾಗಿ ಅಂಚು ಹಿಡಿಯುತ್ತಿತ್ತು. ಸಂಜೆ ಮೆಟ್ಟಿಲು ಇಳಿಯುವಾಗ ಮಂಡಿಯ ಒಳಬದಿ ಮುಲುಗುತ್ತಿತ್ತು. ಮುಂದಿನ ವರ್ಷ ಬಾಡಿಗೆಯ 78ರ ಮೇಲೆ ಹತ್ತಿದಾಗ ಅರ್ಧ ಗಂಟೆಯಲ್ಲಿ ನನ್ನ ತಿರುವು ಸರಿಯಾಯಿತು. ಕಲಿಸಿದವರ ತಪ್ಪೇನೂ ಇರಲಿಲ್ಲ. ಹತ್ತು ಮಿಲಿಮೀಟರ್ ಅಗಲವೋ ಕಿರಿದೋ ಎಂಬ ಅನುಮಾನ ಬಂದರೆ ಕಿರಿದನ್ನೇ ತೆಗೆದುಕೊಳ್ಳಿ ಎಂದು ಅಂದಿನಿಂದ ಹೇಳುತ್ತಿದ್ದೇನೆ.

ತಿರುವಿನ ತ್ರಿಜ್ಯ 15 ಮೀಟರ್ ಎಂದರೆ ಅಷ್ಟೇ ದೊಡ್ಡ ತಿರುವು ಮಾತ್ರ ಸಾಧ್ಯವೇ?

ಇಲ್ಲ. ಸ್ಕೀಯ ಪಕ್ಕದ ಬಾಗನ್ನು ಮುಂದುವರಿಸಿ ಒಂದು ಪೂರ್ಣ ವೃತ್ತ ಎಳೆದರೆ ಅದರ ತ್ರಿಜ್ಯ 15 ಮೀಟರ್ ಎಂದಷ್ಟೇ ಅರ್ಥ. ಸ್ಕೀಯನ್ನು ಹೆಚ್ಚು ವಾಲಿಸಿದಷ್ಟೂ ಅದು ಬಿಲ್ಲಿನಂತೆ ಬಾಗಿ ತಿರುವು ಕಿರಿದಾಗುತ್ತದೆ. ಗಟ್ಟಿ ಹಿಮದಲ್ಲಿ 60 ಡಿಗ್ರಿ ವಾಲಿಸಿದರೆ ತ್ರಿಜ್ಯ ಸರಿಸುಮಾರು ಅರ್ಧವಾಗುತ್ತದೆ. ಆದರೆ 60 ಡಿಗ್ರಿ ವಾಲುವವರು ಈ ಪ್ರಶ್ನೆ ಕೇಳುವುದಿಲ್ಲ.

12, 13 ಮೀಟರಿನ ಸ್ಲಾಲಂ ಬಗೆಯ ಸ್ಕೀ ಚುರುಕು, ಸುಮ್ಮನೆ ನೇರ ಹೋಗೋಣವೆಂದರೆ ಬಿಡದು, ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. 14ರಿಂದ 17 ಹೆಚ್ಚಿನವರಿಗೆ ಹಿತ. 20ರ ಮೇಲಿನವು ವೇಗ ಮತ್ತು ಅಗಲ ಜಾಗ ಎರಡನ್ನೂ ಬೇಡುತ್ತವೆ. ಕೋಲುಗಳು ದೂರ ದೂರ ಇರುವ ವಿಶ್ವಕಪ್ ಜೈಂಟ್ ಸ್ಲಾಲಂ ಸ್ಕೀಯ ಕನಿಷ್ಠ ತ್ರಿಜ್ಯ 30 ಮೀಟರ್. ರೇಸಿನ ಸ್ಕೀ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತಂದವರು ಜನಜಂಗುಳಿಯ ಹಾದಿಯಲ್ಲಿ ಅದನ್ನು ತಿರುಗಿಸಲು ಪಡುವ ಪಾಡು ನೋಡಲಾಗದು.

## ಆಕಾರ ಮತ್ತು ಒಳರಚನೆ

ಕ್ಯಾಂಬರ್, ರಾಕರ್ ಎಂದು ಹೇಳುತ್ತಾರೆ. ಕಣ್ಣಿಗೆ ಹೇಗೆ ಗೊತ್ತಾಗುತ್ತದೆ?

ಜೋಡಿಯ ಎರಡೂ ಸ್ಕೀಗಳ ತಳವನ್ನು ಒಂದಕ್ಕೊಂದು ಎದುರಾಗಿಸಿ ನಿಲ್ಲಿಸಿ, ಒತ್ತದೆ ಪಕ್ಕದಿಂದ ನೋಡಿ. ನಡುವಿನಲ್ಲಿ ಬೆಳಕಿನ ಸಂದು ಕಂಡು ಎರಡೂ ತುದಿಗಳ ಬಳಿ ಸ್ಕೀಗಳು ಮುಟ್ಟಿಕೊಂಡಿದ್ದರೆ ಅದು ಕ್ಯಾಂಬರ್. ಈಗ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರುವ ಜಾಗದಲ್ಲಿ ಕೈಯಿಂದ ಅದುಮಿ ಸಂದು ಮುಚ್ಚಿ. ಆಗ ಮೂತಿಯ ಕಡೆ ಸ್ಕೀಗಳು ಎಲ್ಲಿಂದ ಬೇರ್ಪಡುತ್ತವೆ ನೋಡಿ. ತುದಿಯಿಂದ ಗೇಣಿನಷ್ಟು ಒಳಗಾದರೆ ಸಾಧಾರಣ, ಮೊಳದಷ್ಟು ಒಳಗೆ ಬಂದರೆ ಮುಂಭಾಗದಲ್ಲಿ ಒಳ್ಳೆಯ ರಾಕರ್ ಇದೆ.

ಕ್ಯಾಂಬರ್ ನಿಮ್ಮ ಭಾರವನ್ನು ಅಂಚಿನ ಉದ್ದಕ್ಕೂ ಹಂಚುತ್ತದೆ, ಗಟ್ಟಿ ಹಿಮದಲ್ಲಿ ಹಿಡಿತ ಅದರದ್ದು. ತಿರುವಿನ ಕೊನೆಯಲ್ಲಿ ನಿಮ್ಮನ್ನು ಚಿಮ್ಮಿಸುವುದೂ ಅದೇ. ರಾಕರ್ ಇರುವಲ್ಲಿ ಮೂತಿ ಮೊದಲೇ ಎದ್ದಿರುವುದರಿಂದ ಮೆತ್ತನೆಯ ಹಿಮದಲ್ಲಿ ಹೂತುಹೋಗದು, ತಿರುವು ಶುರು ಮಾಡುವುದೂ ಸುಲಭ. ಈಗಿನ ಬಹುಪಾಲು ಸ್ಕೀಗಳಲ್ಲಿ ಎರಡೂ ಇವೆ: ಕಾಲಡಿಯಲ್ಲಿ ಕ್ಯಾಂಬರ್, ಮೂತಿಯಲ್ಲಿ ರಾಕರ್. ಹಾದಿ ಬಿಟ್ಟು ಹೋಗುವವಕ್ಕೆ ಬಾಲದಲ್ಲೂ ಸ್ವಲ್ಪ ಇರುತ್ತದೆ.

ಈ ಆಕಾರಗಳು ಒಮ್ಮೆಲೇ ಬಂದವಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿಯ ಎಸ್‌ಸಿಎಕ್ಸ್ ಸ್ಕೀ ತುದಿಗಳಿಗಿಂತ ಬಹಳ ಕಿರಿದಾದ ನಡುವಿನೊಂದಿಗೆ ಬಂದು, ನೆಟ್ಟನೆಯ ಉದ್ದ ಸ್ಕೀಗಳ ಕಾಲ ಮುಗಿಯಿತು. 2002ರಲ್ಲಿ ಸ್ಕೀಗಾರ ಶೇನ್ ಮೆಕಾಂಕಿ ನೀರಿನ ಮೇಲಿನ ಸ್ಕೀಯನ್ನು ನೆನೆದು ಎಲ್ಲವನ್ನೂ ಮಗುಚಿ ಹಾಕಿದ. ನಡು ಅಗಲ, ತುದಿಗಳು ಕಿರಿದು, ಬಾಗು ಮೇಲ್ಮುಖ. ವೊಲಾಂಟ್ ಕಂಪನಿಯ ಹೆಸರಿನಲ್ಲಿ ಬಂದ ಆ ಸ್ಪ್ಯಾಟುಲಾ ಗಟ್ಟಿ ಹಾದಿಯಲ್ಲಿ ಕೆಲಸಕ್ಕೆ ಬಾರದ ವಸ್ತು. ಆದರೆ ಇಂದಿನ ರಾಕರ್ ಸ್ಕೀಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದರ ಮೊಮ್ಮಕ್ಕಳು.

ಗಟ್ಟಿಯಾದಷ್ಟೂ ಒಳ್ಳೆಯ ಸ್ಕೀ ಅಲ್ಲವೇ?

ಬಾಗದ ಸ್ಕೀ ತಿರುಗದು. ಹಗುರ ಮೈಯವರು ಭಾರಿ ಗಟ್ಟಿ ಸ್ಕೀ ಹಾಕಿದರೆ ಅದು ಹಲಗೆಯಂತೆ ನೇರ ಹೋಗುತ್ತದೆ; ಇವರು ಸೊಂಟ ತಿರುಚಿ ತಿರುಚಿ ಅದನ್ನು ಎಳೆಯಬೇಕಾಗುತ್ತದೆ. ಭಾರದವರು ಮೆತ್ತನೆಯದನ್ನು ಹಾಕಿದರೆ ವೇಗದಲ್ಲಿ ಮೂತಿ ಬಡಬಡಿಸುತ್ತದೆ. ಅಂಗಡಿಯಲ್ಲಿ ಸ್ಕೀಯ ನಡುವನ್ನು ಅದುಮಿ ತಲೆಯಾಡಿಸುವವರು ನೋಡುತ್ತಿರುವುದು ಉದ್ದದ ಬಾಗನ್ನು ಮಾತ್ರ. ಗಟ್ಟಿ ಹಿಮದಲ್ಲಿ ಹಿಡಿತ ಕೊಡುವುದು ತಿರುಚುವಿಕೆಗೆ ಸ್ಕೀ ತೋರುವ ಬಿಗಿ, ಒದ್ದೆ ಬಟ್ಟೆ ಹಿಂಡುವಾಗ ತಿರುಚುತ್ತೇವಲ್ಲ, ಆ ದಿಕ್ಕಿನದು. ಅದು ಅಂಗೈಗೆ ಸಿಗುವಂಥದ್ದಲ್ಲ.

ಟೈಟಾನಲ್ ಇರುವ ಸ್ಕೀಯೇ ಬೇಕೇ?

ಹೆಸರು ಕೇಳಿ ಟೈಟಾನಿಯಂ ಎಂದುಕೊಳ್ಳಬೇಡಿ, ಅದು ಅಲ್ಯೂಮಿನಿಯಂ ಮಿಶ್ರಲೋಹ. ಮರದ ತಿರುಳಿನ ಮೇಲೆ ಕೆಳಗೆ ಅದರ ತೆಳು ಹಾಳೆ ಇಟ್ಟರೆ ಸ್ಕೀ ಭಾರವಾಗುತ್ತದೆ, ನಡುಕ ನುಂಗಿಕೊಳ್ಳುತ್ತದೆ, ಉಬ್ಬುತಗ್ಗಿನ ಹಾದಿಯಲ್ಲಿ ಸಮಾಧಾನದಿಂದ ಇರುತ್ತದೆ. ಲೋಹವನ್ನು ಮರಕ್ಕೆ ಅಂಟಿಸುವ ಈ ಉಪಾಯವನ್ನು ವಿಮಾನ ಕಾರ್ಖಾನೆಯ ಎಂಜಿನಿಯರ್ ಆಗಿದ್ದ ಹೋವರ್ಡ್ ಹೆಡ್ 1950ರ ಹೊತ್ತಿಗೇ ಮಾರುಕಟ್ಟೆಗೆ ತಂದಿದ್ದ. ವೇಗವಾಗಿ ಹೋಗುವವರಿಗೆ, ಮೈಭಾರ ಇರುವವರಿಗೆ ಟೈಟಾನಲ್ ಒಳ್ಳೆಯದು. ಕಲಿಯುವವರಿಗೆ ಅದು ಸುಮ್ಮನೆ ಹೊರೆ. ಅವರಿಗೆ ಮರ ಮತ್ತು ಫೈಬರ್‌ಗ್ಲಾಸ್ ಸಾಕು.

ಹೆಂಗಸರ ಸ್ಕೀ ನಿಜಕ್ಕೂ ಬೇರೆಯೇ, ಬಣ್ಣ ಮಾತ್ರ ಬೇರೆಯೇ?

ಎರಡೂ ಬಗೆ ಇವೆ. ಕೆಲವದರಲ್ಲಿ ತಿರುಳು ಹಗುರ, ಬಾಗು ಮೆತ್ತಗೆ, ಬೈಂಡಿಂಗ್ ಕೂರುವ ಗುರುತು ಒಂದೆರಡು ಸೆಂಟಿಮೀಟರ್ ಮುಂದೆ. ಕೆಲವು ಒಳಗೆ ಹೊರಗೆ ಗಂಡಸರದ್ದೇ, ಚಿತ್ತಾರ ಮಾತ್ರ ಬೇರೆ. 75 ಕಿಲೋ ತೂಕದ, ಬಿರುಸಾಗಿ ಇಳಿಯುವ ಹೆಂಗಸಿಗೆ ಹಗುರ ಸ್ಕೀ ಕೊಡುವುದರಲ್ಲಿ ಅರ್ಥವಿಲ್ಲ. 55 ಕಿಲೋ ಗಂಡಸು ಹೆಂಗಸರ ಸ್ಕೀ ಹಾಕಿದರೆ ಅವನ ತಿರುವು ಚೆನ್ನಾಗುವ ಸಾಧ್ಯತೆಯೇ ಹೆಚ್ಚು.

ಮಗನಿಗೆ ಮುಂದಿನ ವರ್ಷಕ್ಕೂ ಆಗುವಂತೆ ಉದ್ದದ್ದು ಕೊಡಿಸಲೇ?

ಬೇಡ. ಕಲಿಯುವ ಮಗುವಿಗೆ ಎದೆಯಿಂದ ಗಲ್ಲದವರೆಗಿನ ಉದ್ದ, ಚೆನ್ನಾಗಿ ಇಳಿಯುವ ಮಗುವಿಗೆ ಮೂಗಿನವರೆಗೆ. ಅಂಗಿಯಂತೆ ಮಡಿಸಿ ಹೊಲಿಯಲು ಸ್ಕೀಗೆ ಆಗುವುದಿಲ್ಲ. ಋತುವಿಡೀ ಬಾಡಿಗೆಗೆ ಸಿಗುವುದಾದರೆ ಅದೇ ಉತ್ತಮ.

## ಬೈಂಡಿಂಗ್ ಮತ್ತು ಹಳೆಯ ಸ್ಕೀ

ಬೈಂಡಿಂಗಿನ ಅಂಕಿಯನ್ನು ನಾನೇ ತಿರುಗಿಸಿಕೊಳ್ಳಬಹುದೇ? ಗೆಳೆಯನದು 8ರಲ್ಲಿದೆ.

ಗೆಳೆಯನ ಅಂಕಿ ಗೆಳೆಯನಿಗೆ. ಬಿದ್ದಾಗ ಎಷ್ಟು ಒತ್ತಡಕ್ಕೆ ಬೂಟು ಬಿಡುಗಡೆಯಾಗಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ ಮತ್ತು ನೀವು ಇಳಿಯುವ ಬಗೆ ಈ ಐದರಿಂದ ಲೆಕ್ಕ ಹಾಕುತ್ತಾರೆ. ಅದಕ್ಕೆ ಐಎಸ್‌ಒ 11088 ಎಂಬ ಮಾನದಂಡವಿದೆ. ಹತ್ತು ವರ್ಷದೊಳಗಿನ ಮಕ್ಕಳಿಗೂ ಐವತ್ತು ತುಂಬಿದವರಿಗೂ ಅಂಕಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ತಳದ ಉದ್ದ ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ಉದಾಹರಣೆಗೆ 306 ಮಿ.ಮೀ. ಬೂಟು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಇದನ್ನು ತರಬೇತಿ ಪಡೆದ ತಂತ್ರಜ್ಞರ ಕೈಯಲ್ಲೇ ಮಾಡಿಸಿ, ಯಂತ್ರದಲ್ಲಿ ಪರೀಕ್ಷೆಯನ್ನೂ ಮಾಡಿಸಿ. ತೂಕ ಕಡಿಮೆ ಹೇಳುವ ಸಂಕೋಚ ಇಲ್ಲಿ ಬೇಡ.

ಒಂದು ವಿಷಯ ಅಪ್ರಿಯವಾದರೂ ಹೇಳಬೇಕು. ಬೈಂಡಿಂಗ್ ಮುಖ್ಯವಾಗಿ ಕಾಪಾಡುವುದು ಕಾಲಿನ ಮೂಳೆಯನ್ನು. ಹಿಂದಕ್ಕೆ ಕುಕ್ಕರಿಸಿ ತಿರುಚಿಕೊಂಡು ಬೀಳುವಾಗ ಮಂಡಿಯೊಳಗಿನ ಎಸಿಎಲ್ ಅಸ್ಥಿರಜ್ಜು ಹರಿಯುವುದನ್ನು ಸಾಮಾನ್ಯ ಬೈಂಡಿಂಗ್ ತಡೆಯುತ್ತದೆಂದು ನಂಬಿಕೊಳ್ಳುವಂತಿಲ್ಲ.

ಯಾವ ಬೂಟು ಯಾವ ಬೈಂಡಿಂಗಿಗಾದರೂ ಕೂರುತ್ತದೆಯೇ?

ಕೂತಂತೆ ಕಾಣುತ್ತದೆ, ಅಪಾಯವೂ ಅದೇ. ಸಾಂಪ್ರದಾಯಿಕ ಚಪ್ಪಟೆ ತಳದ ಬೂಟಿಗೆ ಐಎಸ್‌ಒ 5355, ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ತಳಕ್ಕೆ 23223, ಸ್ವಂತ ಕಾಲಿನಲ್ಲಿ ಬೆಟ್ಟ ಹತ್ತುವವರ ಟೂರಿಂಗ್ ಬೂಟಿಗೆ 9523. ನಿಮ್ಮ ಬೂಟಿನ ಮಾನದಂಡ ಬೈಂಡಿಂಗಿನ ಮೇಲೂ ಬರೆದಿರಬೇಕು. ಬ್ರೇಕಿನ ಅಗಲ ಸ್ಕೀಯ ನಡುವಿನಷ್ಟೇ ಅಥವಾ ಹತ್ತು ಹದಿನೈದು ಮಿಲಿಮೀಟರ್ ಹೆಚ್ಚಿರಲಿ. ಅದಕ್ಕಿಂತ ಹೊರಚಾಚಿದರೆ ವಾಲಿದಾಗ ಹಿಮಕ್ಕೆ ತಗುಲುತ್ತದೆ.

ಬಳಸಿದ ಸ್ಕೀ ಕೊಳ್ಳುವಾಗ ಏನು ನೋಡಬೇಕು?

ಹೊಳಪು ನೋಡಬೇಡಿ. ಮೊದಲು ಉಕ್ಕಿನ ಅಂಚಿನ ದಪ್ಪ ನೋಡಿ. ಮತ್ತೆ ಮತ್ತೆ ಮಸೆದು ದಾರದಷ್ಟು ತೆಳುವಾಗಿದ್ದರೆ ಆಯಸ್ಸು ಮುಗಿಯಿತು. ಬೆರಳಿನ ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆಯಿರಿ. ಬಿಳಿಯ ಪುಡಿ ಉದುರಿದರೆ ಹರಿತವಿದೆ. ಹರಿತವಿಲ್ಲದಿದ್ದರೆ ಮಸೆಯಬಹುದು. ಅಂಚು ಎಲ್ಲಾದರೂ ಬಿರುಕುಬಿಟ್ಟು ಹೊರಬಂದಿದ್ದರೆ ಬಿಟ್ಟುಬಿಡಿ. ತಳದಲ್ಲಿ ಗೀರುಗಳಿದ್ದರೆ ಚಿಂತೆಯಿಲ್ಲ, ಕಲ್ಲು ಬಡಿದು ಒಳಗಿನ ತಿರುಳು ಕಾಣುವ ಗಾಯವಿದ್ದರೆ ನೀರು ಒಳಗಿಳಿದಿರುತ್ತದೆ. ಮೂತಿ ಬಾಲಗಳಲ್ಲಿ ಪದರಗಳು ಬಾಯ್ಬಿಟ್ಟಿವೆಯೇ ಎಂದು ಹಿಂಡಿ ನೋಡಿ. ಎರಡು ಸ್ಕೀಗಳ ಕ್ಯಾಂಬರ್ ಒಂದೇ ಸಮ ಇರಬೇಕು. ಬೈಂಡಿಂಗ್ ಕೊರೆದ ಹಳೆಯ ತೂತುಗಳನ್ನು ಎಣಿಸಿ. ಒಮ್ಮೆ ಬದಲಾಗಿದ್ದರೆ ಸರಿ, ಮೂರನೆಯ ಸಲಕ್ಕೆ ಮರದಲ್ಲಿ ಹಿಡಿತ ಉಳಿದಿರದು.

ಕೊನೆಗೆ ಬೈಂಡಿಂಗಿನ ವಯಸ್ಸು. ತಯಾರಕರು ಹಳೆಯ ಮಾದರಿಗಳ ಹೊಣೆಯನ್ನು ಕೆಲವು ವರ್ಷಗಳ ನಂತರ ಕೈಬಿಡುತ್ತಾರೆ. ಅಂಥದ್ದನ್ನು ಯಾವ ಜವಾಬ್ದಾರಿಯುತ ತಂತ್ರಜ್ಞರೂ ಮುಟ್ಟುವುದಿಲ್ಲ. ಆಗ ಅಗ್ಗದ ಸ್ಕೀಗೆ ಹೊಸ ಬೈಂಡಿಂಗ್ ಹಾಕಿಸುವ ಖರ್ಚೂ ಸೇರುತ್ತದೆ.

## ಇನ್ನೂ ಮುಂದಕ್ಕೆ

ಎಲ್ಲದಕ್ಕೂ ಆಗುವ ಒಂದೇ ಜೋಡಿ ಸಿಗುವುದಿಲ್ಲವೇ?

ಸಿಗುತ್ತದೆ, ಎಲ್ಲದರಲ್ಲೂ ಸ್ವಲ್ಪ ಕಡಿಮೆಯಾಗಿ. ಒಂದೇ ಜೋಡಿ ಎಂದಾದರೆ ನಡು 84ರಿಂದ 90, ತ್ರಿಜ್ಯ 15ರಿಂದ 17, ಮೂತಿಯಲ್ಲಿ ಮಾತ್ರ ರಾಕರ್ ಎನ್ನುತ್ತೇನೆ. ಎರಡನೆಯ ಜೋಡಿಯ ಆಸೆ ಬಂದಾಗ 95ರದ್ದನ್ನು ತರಬೇಡಿ, ಮೊದಲನೆಯದರ ತಮ್ಮನೇ ಆಗುತ್ತದೆ. 72 ಮತ್ತು 104ರಂತೆ ದೂರ ದೂರ ಇರಲಿ.

ಸ್ವಂತ ಕಾಲಿನಲ್ಲಿ ಬೆಟ್ಟ ಹತ್ತಿ ಇಳಿಯಬೇಕು. ಈಗಿನ ಸ್ಕೀ ನಡೆಯುತ್ತದೆಯೇ?

ಒಂದೆರಡು ಸಲಕ್ಕೆ ನಡೆಯುತ್ತದೆ, ಸೊಂಟ ಕೇಳುವುದಿಲ್ಲ. ಟೂರಿಂಗ್ ಸ್ಕೀ ಒಂದರ ತೂಕ 1,200ರಿಂದ 1,500 ಗ್ರಾಂ ಇದ್ದರೆ ಹಾದಿಯ ಸ್ಕೀ ಬೈಂಡಿಂಗ್ ಬಿಟ್ಟೇ ಎರಡು ಕಿಲೋ ಹತ್ತಿರ ಇರುತ್ತದೆ. ಪ್ರತಿ ಹೆಜ್ಜೆಗೂ ಅದನ್ನು ಎಳೆಯಬೇಕು. ಹಗುರ ಸ್ಕೀ ಇಳಿಯುವಾಗ ಗಡಸು ಹಿಮದಲ್ಲಿ ಚಡಪಡಿಸುತ್ತದೆ, ಅದು ಆ ಹಗುರಕ್ಕೆ ತೆರುವ ಬೆಲೆ. ಇಲ್ಲಿ ಸ್ಕೀಗಿಂತ ಮೊದಲು ಹಿಮಕುಸಿತದ ತರಬೇತಿ, ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಸಲಿಕೆ, ಶೋಧಕೋಲು ಇವು ಬರಬೇಕು.

ಅಂಚಿನ ಕೋನ ಎಷ್ಟಿಡಿಸಲಿ?

ತಳದ ಕಡೆ 1 ಡಿಗ್ರಿ, ಪಕ್ಕದ ಕಡೆ 2. ಮಂಜುಗಡ್ಡೆಯಂಥ ಹಾದಿಯೇ ಹೆಚ್ಚಾದರೆ ಪಕ್ಕ 3 ಮಾಡಿಸಿ. ತಳದ ಕೋನವನ್ನು ಪದೇ ಪದೇ ಮುಟ್ಟಬೇಡಿ, ಹೆಚ್ಚಾದದ್ದನ್ನು ಕಡಿಮೆ ಮಾಡಲು ಇಡೀ ತಳವನ್ನು ಅರೆಯಬೇಕಾಗುತ್ತದೆ.

ಕೊಳ್ಳುವ ಮೊದಲು ಎರಡು ಮೂರು ಸ್ಕೀ ಹಾಕಿ ನೋಡುವ ಅವಕಾಶ ಸಿಕ್ಕಿದೆ. ಹೇಗೆ ಹೋಲಿಸಲಿ?

ನಿಮ್ಮದೇ ಬೂಟು, ಒಂದೇ ಹಾದಿ, ಸಾಧ್ಯವಾದರೆ ಬೆಳಗಿನ ಒಂದೇ ಹೊತ್ತು. ಹನ್ನೊಂದು ಗಂಟೆಗೆ ಹಿಮ ಮೆತ್ತಗಾದ ಮೇಲೆ ಹಾಕಿದ ಸ್ಕೀ ಒಂಬತ್ತಕ್ಕೆ ಹಾಕಿದ್ದಕ್ಕಿಂತ ದಯಾಳುವಾಗಿ ಕಾಣುವುದು ಸಹಜ. ಹತ್ತುವ ಮೊದಲು ಉಗುರಿನಿಂದ ಎಲ್ಲವುಗಳ ಅಂಚನ್ನೂ ನೋಡಿಕೊಳ್ಳಿ. ಮೊಂಡಾದ ಒಳ್ಳೆಯ ಸ್ಕೀಯನ್ನು ಹರಿತವಾದ ಸಾಧಾರಣ ಸ್ಕೀ ಸೋಲಿಸಿಬಿಡುತ್ತದೆ, ನೀವು ಸಾಧಾರಣವನ್ನು ಮನೆಗೆ ತರುತ್ತೀರಿ.

ಮೊದಲ ಇಳಿತವನ್ನು ಲೆಕ್ಕಕ್ಕಿಡಬೇಡಿ, ಕಾಲು ಹೊಂದಿಕೊಳ್ಳಲಿ. ಎರಡನೆಯದರಲ್ಲಿ ಚಿಕ್ಕ ತಿರುವು, ದೊಡ್ಡ ತಿರುವು, ಬೇಕೆಂದೇ ಪಕ್ಕಕ್ಕೆ ಜಾರಿಸುವುದು ಈ ಮೂರನ್ನೂ ಮಾಡಿ. ಮೂರನೆಯದನ್ನು ದಣಿದಾಗ ಮಾಡಿ. ಬೆಳಗ್ಗೆ ಎಲ್ಲ ಸ್ಕೀಗಳೂ ಚೆನ್ನಾಗಿರುತ್ತವೆ. ಮಧ್ಯಾಹ್ನ ತೊಡೆ ಉರಿಯುವಾಗ, ಹಾದಿ ಕೆದರಿ ಗುಬ್ಬಗುಬ್ಬವಾಗಿರುವಾಗ, ನಿಮ್ಮ ತಪ್ಪು ತಿರುವನ್ನು ಸದ್ದಿಲ್ಲದೆ ಮುಗಿಸಿಕೊಟ್ಟ ಸ್ಕೀ ಯಾವುದೋ ಅದರ ಹೆಸರು ಮತ್ತು ಉದ್ದವನ್ನು ಕೈಗವಸು ಬಿಚ್ಚಿ ಅಲ್ಲೇ ಬರೆದುಕೊಳ್ಳಿ.